ಎರಡನೆಯ ಸಿರಿಂಜು

ಆ ದಿನ ಎರಡನೆಯ ಸಿರಿಂಜು ಇತ್ತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಎಡಗೆನ್ನೆ ಮುಗಿದ ಮೇಲೆ ಆ ಹೆಂಗಸು ಎದ್ದು ಫ್ರಿಜ್ ತೆರೆದು, ಮೆಹಂದಿ ಕೋನುಗಳ ನಡುವಿನಿಂದ ಅರ್ಧ ತುಂಬಿದ ಇನ್ನೊಂದನ್ನು ತೆಗೆದಳೆಂದು ನೆನಪು. ಆದರೆ ಮೆಹಂದಿ ಕೋನುಗಳು ನಮ್ಮ ಅಕ್ಕನ ಫ್ರಿಜ್ಜಿನಲ್ಲೂ ಇರುತ್ತವೆ. ನೆನಪು ಅಲ್ಲಿಂದ ಇಲ್ಲಿಗೆ ಸಾಮಾನು ಸಾಗಿಸಿರಬಹುದು. ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುವ ನಾನು ಹುಡುಗರಿಗೆ ಕಲಿಸುವುದೇ ಇದನ್ನು.

ಅದು ವಿದ್ಯಾಗಿರಿಯ ಬ್ಯೂಟಿ ಪಾರ್ಲರೊಂದರ ಹಿಂದಿನ ಕೋಣೆ. ನಡೆಸುವವಳು ಅಕ್ಕನ ಗೆಳತಿ. ನನ್ನ ಕೆನ್ನೆಗಳು ಒಳಗೆ ಹೋಗಿದ್ದವು. ಹುಡುಗನಿಗೆ ಏನೋ ಕಾಯಿಲೆಯಿದೆ ಎಂದು ಎರಡು ಮನೆಯವರು ಬೇಡವೆಂದಿದ್ದರು. ಇಳಕಲ್ಲಿಗೆ ಕನ್ಯೆ ನೋಡಲು ಹೋಗುವುದಿತ್ತು. "ಫಿಲ್ಲರ್ ಅಂತಾರ. ಸೂಜಿ ಚುಚ್ಚತಾರ, ಅಷ್ಟ. ಮಾರಿ ತುಂಬಿ ಬರ್ತದ" ಎಂದು ಅಕ್ಕ ಎಳೆದುಕೊಂಡು ಹೋದಳು.

ಮುಖ ತುಂಬಿಯೇ ಬಂತು. ಮರುದಿನ ಕಣ್ಣು ಪೂರ್ತಿ ತೆರೆಯಲಾಗಲಿಲ್ಲ. ಬಾವು ಇಳಿಯುತ್ತಿದ್ದಂತೆ ಎರಡೂ ಕೆನ್ನೆಗಳಲ್ಲಿ ಗಂಟು ಉಳಿದವು, ಚರ್ಮದಡಿ ನೆನೆಸಿದ ಕಡಲೆಯ ಹಾಗೆ. ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು; ಬಾವು ಮತ್ತೆ ಏರಿತು. ಕೇಳಿದವರಿಗೆಲ್ಲ ಹಲ್ಲುನೋವು ಎಂದೆವು.

ಇಳಕಲ್ಲಿನವರು ನನ್ನ ತಾಟಿಗೆ ರೊಟ್ಟಿ ಹಾಕದೆ ಮಜ್ಜಿಗೆ ಅನ್ನ ಕಲಸಿಟ್ಟರು. ಹುಡುಗಿಯ ಸೋದರತ್ತೆ ನನ್ನನ್ನೇ ನೋಡುತ್ತಿದ್ದಳು.

"ಹಲ್ಲಬ್ಯಾನಿ ಎರಡೂ ಕಡೆ ಕೂಡೇ ಬರ್ತದೇನ್ರಿ, ಸರ್?"

"ಒಮ್ಮೊಮ್ಮೆ ಬರ್ತದ್ರಿ."

"ಭಾಳ ಒಗ್ಗಟ್ಟ ಬಿಡ್ರಿ ನಿಮ್ಮ ಹಲ್ಲಿನಾಗ."

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ, ನನಗೆ ಅದೇ ಹೆಚ್ಚು ನೋವಾಯಿತು. ಆ ಮನೆಯಿಂದ ಮತ್ತೆ ಫೋನ್ ಬರಲಿಲ್ಲ.

ಕೊನೆಗೆ ಚರ್ಮದ ಡಾಕ್ಟರ ಬಳಿ ಹೋದೆ. ಗಂಟು ಒತ್ತಿ ನೋಡಿ, "ಒಳಗ ಏನ್ ಹಾಕ್ಯಾರ? ಒಂದು ನಮೂನಿದಾದ್ರ ಕರಗಸೂ ಇಂಜೆಕ್ಷನ್ ಐತಿ. ಬ್ಯಾರೇ ಇದ್ರ ಕರಗೂದಿಲ್ಲ" ಎಂದರು. ಪಾರ್ಲರಿನವಳು ಎರಡೂ ಕಡೆ ಒಂದೇ ಸಿರಿಂಜು, ಕರಗುವಂಥದ್ದೇ ಎಂದಳು. ಅಕ್ಕನೂ ಅದನ್ನೇ ಹೇಳಿದಳು.

"ಇನ್ನೊಂದು ತಗದದ್ದು ನಾ ನೋಡೀನಿ, ಅಕ್ಕಾ."

"ಕಣ್ಣ ಮುಚ್ಕೊಂಡು ಮಲಗಿದ್ದಿ, ಏನ್ ನೋಡ್ತಿ? ಅವ್ವ ಹಾಲ ಕೊಟ್ರೂ ಲ್ಯಾಬಿಗೆ ಕಳಸಾಂವ ನೀ."

ಕಣ್ಣು ಮುಚ್ಚಿದ್ದೆನೇ? ಇರಬಹುದು. ನನಗಿಂತ ಅವಳನ್ನು ನಂಬುವುದೇ ವಿವೇಕ ಅನ್ನಿಸಿತು. ನನ್ನ ಓದು ನನಗೆ ಮಾಡಿದ ಉಪಕಾರ ಇದೊಂದೇ.

ಡಾಕ್ಟರು ಎರಡೂ ಕೆನ್ನೆಗೆ ಕರಗಿಸುವ ಇಂಜೆಕ್ಷನ್ ಕೊಟ್ಟರು. ಎಡಗಡೆಯ ಗಂಟು ಕೆಲವೇ ದಿನಗಳಲ್ಲಿ ಇಲ್ಲವಾಯಿತು. ಬಲಗಡೆಯದು ಜಗ್ಗಲಿಲ್ಲ. ಇನ್ನೊಮ್ಮೆ ಕೊಟ್ಟರೂ ಅಷ್ಟೇ. "ನಿನ್ನ ಮೈನ ಹಂಗದ" ಎಂದಳು ಅಕ್ಕ. ಅದೂ ಸಾಧ್ಯವೇ ಎಂದು ಆ ಕೆನ್ನೆಯ ಸ್ಕ್ಯಾನ್ ಮಾಡಿಸಿದೆ.

ಇನ್ನು ಆ ಗಂಟನ್ನು ಕೊಯ್ದೇ ತೆಗೆಯಬೇಕು, ಕಲೆ ಉಳಿಯುತ್ತದೆ. ಅಕ್ಕ ಈಗಲೂ ಹುಬ್ಬು ತಿದ್ದಿಸಿಕೊಳ್ಳಲು ಅಲ್ಲಿಗೇ ಹೋಗುತ್ತಾಳೆ. ಫ್ರಿಜ್ಜು, ಮೆಹಂದಿ ಕೋನುಗಳು, ನನ್ನ ಕಣ್ಣು ತೆರೆದಿತ್ತೋ ಇಲ್ಲವೋ, ಇವುಗಳ ಬಗ್ಗೆ ನಾನು ಆಣೆ ಮಾಡಲಾರೆ. ಪರೀಕ್ಷೆ ಮಾಡಿಸಿ ತಿಳಿದದ್ದು ಇಷ್ಟು: ನನ್ನ ಬಲಗೆನ್ನೆಯಲ್ಲಿರುವುದು ಕರಗುವ ವಸ್ತುವಲ್ಲ, ಎಡಗೆನ್ನೆಗೆ ಹಾಕಿದ್ದಲ್ಲ.