ಶುಕ್ರವಾರದ ಆರ್‌ಟಿಜಿಎಸ್

ತಿಪಟೂರಿನ ಕೊಬ್ಬರಿ ಮಂಡಿಯವರಲ್ಲಿ ಆರ್‌ಟಿಜಿಎಸ್ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲವನು ನಾನೊಬ್ಬನೇ ಎಂದು ಬಹಳ ಕಾಲ ನಂಬಿದ್ದೆ. ಬ್ಯಾಂಕಿನವರು ಒಮ್ಮೆ ಗ್ರಾಹಕರ ಸಭೆ ಎಂದು ನಮ್ಮನ್ನೆಲ್ಲ ಹೋಟೆಲಿನಲ್ಲಿ ಕೂರಿಸಿ, ಉದ್ದಿನವಡೆ ಕೊಟ್ಟು, ಪರದೆಯ ಮೇಲೆ ಬಾಣದ ಗುರುತಿನ ಚಿತ್ರಗಳನ್ನು ತೋರಿಸಿದ್ದರು. ಉಳಿದ ವರ್ತಕರು ವಡೆ ತಿಂದು ಎದ್ದು ಬಂದರು. ನಾನು ವಡೆಯ ಜೊತೆಗೆ ಜ್ಞಾನವನ್ನೂ ಕಟ್ಟಿಸಿಕೊಂಡು ಬಂದೆ. ಅಂದಿನಿಂದ ನಮ್ಮ ಮಂಡಿಗೆ ಕೊಬ್ಬರಿ ತಂದ ಯಾರೂ ಆ ಜ್ಞಾನದಿಂದ ತಪ್ಪಿಸಿಕೊಂಡದ್ದಿಲ್ಲ.

"ಚೆಕ್ಕು ಅಂದ್ರೆ ಗುಡ್ಡೆ ಲೆಕ್ಕ ಕಣ್ರೀ," ಎಂದು ಶುರುಮಾಡುತ್ತಿದ್ದೆ. "ಎಲ್ಲಾ ಬ್ಯಾಂಕಿನ ಚೆಕ್ಕೂ ಒಂದು ಕಡೆ ಸೇರ್ಸಿ, ಯಾರು ಯಾರಿಗೆ ಎಷ್ಟು ಅಂತ ಕಳೆದು ಕೂಡಿ, ಮಿಕ್ಕಿದ್ದನ್ನ ಕೊಡ್ತಾರೆ. ಆರ್‌ಟಿಜಿಎಸ್ ಹಂಗಲ್ಲ. ಮುಂಬೈಲಿ ಬ್ಯಾಂಕುಗಳಿಗೇ ಒಂದು ಬ್ಯಾಂಕ್ ಐತೆ. ಅಲ್ಲಿ ಎಲ್ಲಾ ಬ್ಯಾಂಕಿಗೂ ಖಾತೆ ಐತೆ. ನಾನಿಲ್ಲಿ ಒತ್ತಿದ್ರೆ ಅಲ್ಲಿ ನಮ್ಮ ಬ್ಯಾಂಕಿನ ಖಾತೆಯಿಂದ ನಿಮ್ಮ ಬ್ಯಾಂಕಿನ ಖಾತೆಗೆ ಆಗಿಂದಾಗ್ಲೇ ಜಮಾ. ಹೋಯ್ತು ಅಂದ್ರೆ ಹೋಯ್ತು. ದೇವರೇ ಬಂದ್ರೂ ವಾಪಸ್ ಬರಲ್ಲ."

ಕೊನೆಯ ಮಾತನ್ನು ಹೇಳುವಾಗ ನನಗೆ ವಿಶೇಷ ಸಂತೋಷವಾಗುತ್ತಿತ್ತು. ಆ ವ್ಯವಸ್ಥೆಯನ್ನು ನಾನೇ ಕಟ್ಟಿದ ಹಾಗೆ ಎದೆ ಉಬ್ಬುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ ದಬ್ಬೇಘಟ್ಟದ ಬೆಳೆಗಾರರೊಬ್ಬರು ಕೊಬ್ಬರಿ ತಂದರು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಮಾಲು, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತಿತ್ತು. ಇನ್ನೂ ಒಳ್ಳೆಯ ರೇಟಿಗೆ ಕಾಯಬೇಕೆಂದಿದ್ದವರು ಅವರು. ಆದರೆ ಮಗಳಿಗೆ ದಂತವೈದ್ಯದ ಸೀಟು ಸಿಕ್ಕಿತ್ತು. ಅವತ್ತು ರಾತ್ರಿಯೊಳಗೆ ಫೀಸು ಕಟ್ಟದಿದ್ದರೆ ಸೀಟು ಮುಂದಿನವರ ಪಾಲು. ಹುಡುಗಿ ತುರುವೇಕೆರೆಯ ಸೈಬರ್ ಸೆಂಟರಿನಲ್ಲಿ ಕೂತು ಅಪ್ಪನ ಫೋನಿಗೆ ಕಾಯುತ್ತಿದ್ದಳು.

"ಚೆಕ್ಕಾದ್ರೆ ಸೋಮವಾರದ ಮಾತು," ಎಂದೆ. "ಸದ್ಯ, ನನ್ನ ಹತ್ರ ಬಂದ್ರಿ."

ತೂಕ, ಲೆಕ್ಕ ಎಲ್ಲ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ನಮ್ಮದು ಮುಂದೆ ಮಂಡಿ, ಹಿಂದೆ ಮನೆ. ಒಳಗಿಂದ ಅವ್ವ ಕೂಗಿದಳು: "ಕೊಡೋದೇನಿದ್ರೂ ಈಗ್ಲೇ ಕೊಟ್ಬುಡಪ್ಪ. ದೀಪ ಹಚ್ತೀನಿ." ಶುಕ್ರವಾರ ದೀಪ ಹಚ್ಚಿದ ಮೇಲೆ ನಮ್ಮ ಮನೆಯಿಂದ ದುಡ್ಡು ಹೊರಗೆ ಹೋಗುವುದಿಲ್ಲ. ಲಕ್ಷ್ಮಿ ಹೊಸಿಲು ದಾಟಬಾರದು. ನಮ್ಮ ಕಡೆ ಮನೆಮನೆಯಲ್ಲೂ ಇದೇ ನಡೆ.

ನಾನು ಸುಮ್ಮನೆ ಕೊಟ್ಟುಬಿಡಬಹುದಿತ್ತು. ಎದುರಿಗೆ ಬೆಳೆಗಾರರು ಕೂತಿದ್ದಾರಲ್ಲ, ಅವ್ವನಿಗೂ ಪಾಠ ಮಾಡಿದೆ. "ಅವ್ವಾ, ಈ ದುಡ್ಡು ನಮ್ಮ ಮನೆಯಿಂದ ಹೋಗಲ್ಲ. ಮುಂಬೈಲಿ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಗೋದು. ಅಲ್ಲಿ ಹೊತ್ತು ಮುಳುಗೋದೂ ನಮಗಿಂತ ತಡ."

"ಎಲ್ಲಿಂದನಾರ ಹೋಗ್ಲಿ, ಕಮ್ಮಿ ಆಗೋದು ನಿಂದೇ ತಾನೆ," ಎಂದು ಅವ್ವ ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಳು. ಆ ಶಬ್ದ ಕೇಳಿದ್ದೇ ನನ್ನ ಪಾಂಡಿತ್ಯವೆಲ್ಲ ಉಡುಗಿ, ಗಡಬಡಿಸಿ ಫೋನು ತೆಗೆದು, 'ದಬ್ಬೇಘಟ್ಟ' ಎಂಬ ಹೆಸರು ಹುಡುಕಿ, ಮೊತ್ತ ತುಂಬಿ ಒತ್ತಿಬಿಟ್ಟೆ. ಹೋಯಿತೆಂದು ನನಗೆ ಸಂದೇಶವೂ ಬಂತು.

ಬೆಳೆಗಾರರ ಫೋನು ಮಾತ್ರ ಸುಮ್ಮನಿತ್ತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತರು. ನಾನು ಕಾಫಿ ತರಿಸಿದೆ. ಸಿಗ್ನಲ್ಲಿನ ಬಗ್ಗೆ ಮಾತಾಡಿದೆ. ಮಗಳು ಫೋನು ಮಾಡಿದಳು, ಇನ್ನೊಮ್ಮೆ ಮಾಡಿದಳು. "ಬತ್ತೈತೆ ಕಣವ್ವ, ಕಳಿಸವ್ರೆ," ಎಂದು ಅವರು ಹೇಳುವ ದನಿ ಪ್ರತಿಸಲವೂ ಸಣ್ಣದಾಗುತ್ತಿತ್ತು. ಕೊನೆಗೆ ನಾನು ಫೋನು ತೆಗೆದು ನೋಡಿದೆ. ದುಡ್ಡು ಹೋಗಿದ್ದ ಖಾತೆ ಇವರದಲ್ಲ.

ನಮ್ಮ ಮಂಡಿಗಳಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಊರೇ ಹೆಸರು. 'ಹುಳಿಯಾರು ಬಂದ್ರಾ?' 'ದಬ್ಬೇಘಟ್ಟಕ್ಕೆ ಕಾಫಿ ಕೊಡು' ಎಂದೇ ಮಾತು. ಫೋನಿನಲ್ಲೂ ನಾನು ಹಾಗೇ ಬರೆದುಕೊಂಡಿದ್ದೆ. ಅದರಲ್ಲಿ ಇಬ್ಬರು ದಬ್ಬೇಘಟ್ಟದವರಿದ್ದರು. ಇನ್ನೊಬ್ಬರ ಮಾಲನ್ನು ನಾನು ಒಮ್ಮೆ ಕೌಟು, ಎಣ್ಣೆ ಕೆಟ್ಟು ವಾಸನೆ ಬಂದದ್ದು ಎಂದು ನಾಲ್ಕು ಜನರ ಮುಂದೆ ಪಕ್ಕಕ್ಕೆ ಹಾಕಿಸಿದ್ದೆ. ಅವರು ಆವತ್ತಿನಿಂದ ಬೇರೆ ಮಂಡಿಗೆ ಹೋಗುತ್ತಿದ್ದರು. ದುಡ್ಡು ಅವರಿಗೆ ಹೋಗಿತ್ತು. ನನ್ನ ಖಾತೆಯಲ್ಲಿ ಉಳಿದದ್ದು ಹಮಾಲರ ಕೂಲಿಗೆ ಸಾಕಾಗುವಷ್ಟು.

ಬ್ಯಾಂಕಿನ ಮ್ಯಾನೇಜರಿಗೆ ಫೋನು ಮಾಡಿದೆ. "ಅದು ಸೆಟ್ಲ್ ಆಗೋಯ್ತಲ್ಲ ಸಾರ್. ಅವರಾಗೇ ವಾಪಸ್ ಕಳಿಸಿದ್ರೆ ಉಂಟು. ನಿಮಗೆ ಗೊತ್ತಿಲ್ದೆ ಇರೋದಾ?" ಎಂದರು. ನನ್ನ ಭಾಷಣ ನನ್ನ ಕಿವಿಗೇ ವಾಪಸು ಬಂತು. ಆ ವ್ಯವಸ್ಥೆಯಲ್ಲಿ ವಾಪಸು ಬರುವುದು ಅದೊಂದೇ ಇರಬೇಕು.

ನಾಚಿಕೆ ಬಿಟ್ಟು ಇನ್ನೊಬ್ಬ ದಬ್ಬೇಘಟ್ಟಕ್ಕೇ ಫೋನು ಹಚ್ಚಿ, ಜಗಲಿಯವರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕೌಟು ಕೊಬ್ಬರಿಗೆ ಭಾರೀ ರೇಟು ಹಾಕಿದ್ದೀರಲ್ಲ ಸಾವ್ಕಾರ್ರೇ," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ದುಡ್ಡು ನಂಗ್ಯಾಕೆ ಬುಡಿ. ಆದ್ರೆ ನಮ್ಮೋಳು ದೀಪ ಹಚ್ಚವ್ಳೆ. ಬೆಳಿಗ್ಗೆ ಕಳಿಸ್ತೀನಿ," ಎಂದರು.

ಬೆಳಿಗ್ಗೆ ಎಂದರೆ ಸೀಟು ಹೋದ ಮೇಲೆ. ನನ್ನ ಹತ್ತಿರ ಇದ್ದದ್ದು ಒಂದೇ ವಾದ. ಮುಂಬೈಯಲ್ಲಿ ಇನ್ನೂ ಹೊತ್ತು ಮುಳುಗಿಲ್ಲ ಎಂದೆ.

ಫೋನಿನ ಆ ಕಡೆಯಿಂದ ಅವರ ಹೆಂಡತಿಯ ದನಿ ಕೇಳಿತು: "ಹಂಗಾರೆ ಮುಂಬೈನೋರೇ ಕೊಡ್ಲಿ ಬುಡಿ. ತಾನಾಗೇ ಬಂದ ಲಕ್ಷ್ಮೀನ ದೀಪದ ಹೊತ್ನಲ್ಲಿ ನಾನು ಆಚೆ ಕಳಿಸಲ್ಲ."

ಜಗಲಿಯ ಮೇಲಿದ್ದವರು ತಲೆ ತಗ್ಗಿಸಿದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಗ ಅವ್ವ ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ತಾಯೀ," ಎಂದಳು, "ನಿಮ್ಮನೆಗೆ ಬಂದಿರೋಳು ನಿಮ್ಮ ಲಕ್ಷ್ಮಿ ಅಲ್ಲ ಕಣವ್ವ. ನಿಮ್ಮೂರ್ನಾಗೇ ಇನ್ನೊಂದು ಮನೆಗೆ ಹೊಂಟಿದ್ದೋಳು. ನನ್ನ ಮಗ ದಾರಿ ತಪ್ಸಿ ನಿಮ್ಮ ಬಾಗ್ಲಿಗೆ ಬುಟ್ಟವ್ನೆ. ದೀಪದ ಹೊತ್ನಲ್ಲಿ ಬಂದ ಮುತ್ತೈದೆ ಅನ್ಕೊ. ಅರಿಶಿನ ಕುಂಕುಮ ಕೊಟ್ಟು ಅವ್ರ ಮನೆಗೆ ಸೇರ್ಸವ್ವ. ಹೆಣ್ಣುಮಗಳು ಓದೋಕೆ ಹೊಂಟೈತೆ."

ಆ ಕಡೆ ಬಳೆಯ ಸದ್ದು ಕೇಳಿತು. ಆಮೇಲೆ, "ಯಾರ ಮಗಳು?" ಎಂದು ಆಕೆ ಕೇಳಿದರು. ಅವ್ವ ಹೇಳಿದಳು. "ಅಯ್ಯೋ, ನಮ್ಮ ಬೋರ್‌ವೆಲ್ ಪಾಲಿನೋರಾ? ಮೊದ್ಲೇ ಹೇಳಬಾರ್ದಾ," ಎಂದರು. ಹೇಳಬೇಕಾದ ಅದೊಂದನ್ನು ಬಿಟ್ಟು ನಾನು ಮುಂಬೈ ಸೂರ್ಯನ ಬಗ್ಗೆ ಹೇಳಿದ್ದೆ. ಎರಡೂ ಮನೆಗೆ ಸೇರಿದ ಬೋರ್‌ವೆಲ್ಲಿನ ಕರೆಂಟು, ರಿಪೇರಿ ಲೆಕ್ಕಕ್ಕಾಗಿ ಬೆಳೆಗಾರರ ಖಾತೆ ಅವರ ಫೋನಿನಲ್ಲಿ ಮೊದಲೇ ಇತ್ತು.

ನಾನು ಇನ್ನೊಂದು ಕಾಫಿ ತರಿಸಬೇಕೆಂದು ಏಳುವಷ್ಟರಲ್ಲಿ ಜಗಲಿಯ ಮೇಲಿನ ಫೋನು ಟಿಂಗ್ ಎಂದಿತು. ಬೆಳೆಗಾರರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮಗಳಿಗೆ ಫೋನು ಮಾಡಿ, "ಕಟ್ಟವ್ವ, ಬಂತು," ಎಂದರು. ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ತಕ್ಕಡಿಯ ಕಡೆಗೆ ತಿರುಗಿ ನಿಂತೆ.

ಹುಡುಗಿ ಫೀಸು ಕಟ್ಟಿದೆನೆಂದು ತಿಳಿಸುವವರೆಗೂ ಅವರು ಕೂತಿದ್ದರು. ಹೊರಡುವಾಗ ಮತ್ತೆ ಫೋನು ನೋಡಿ, "ಹನ್ನೊಂದು ರೂಪಾಯಿ ಜಾಸ್ತಿ ಬಂದೈತಲ್ಲ ಕಣ್ರೀ," ಎಂದರು. "ಲೆಕ್ಕ ತಪ್ಪೈತೇನೋ. ನಿಮಗೆ ಕಳಿಸ್ಲಾ?"

"ಲೆಕ್ಕ ತಪ್ಪಿಲ್ಲ ಕಣಪ್ಪ. ಅದು ನಿನ್ನ ಮಗಳಿಗೆ ಅರಿಶಿನ ಕುಂಕುಮದ್ದು," ಎಂದಳು ಅವ್ವ. "ಮಡಿಕ್ಕೊ. ಶುಕ್ರವಾರ ದೀಪ ಹಚ್ಚಿದ ಮೇಲೆ ಕೊಡಬಾರ್ದು."