ನೂರಾಹತ್ತು ಪರ್ಸೆಂಟ್ ರಾಗಿ

ನಿಮ್ಮ ಸಂಶೋಧನೆಯಲ್ಲಿ ಯಾವ ಶಾಸ್ತ್ರ ಶೇಕಡ ಎಷ್ಟು?

ಹೀಗೊಂದು ಫಾರಂ ಕೇಳಿದರೆ ನೀವೇನು ಬರೆಯುತ್ತೀರಿ? ಹೋದ ಭಾನುವಾರ ರಾಜಾಜಿನಗರದ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಣ್ಣಗಾಗಿದ್ದು ಈ ಪ್ರಶ್ನೆಯಿಂದಲೇ.

ಅಕ್ಕನ ಸಂಶೋಧನೆ ಹಗೇವಿನ ಮೇಲೆ. ನೆಲದೊಳಗಿನ ಆ ಗುಂಡಿಯಲ್ಲಿ ವರ್ಷಗಟ್ಟಲೆ ಇಟ್ಟರೂ ರಾಗಿ ಯಾಕೆ ಕೆಡುವುದಿಲ್ಲ? ರಸಾಯನಶಾಸ್ತ್ರದವರು ಇದು ಸಸ್ಯಶಾಸ್ತ್ರ ಅಂದರು. ಸಸ್ಯಶಾಸ್ತ್ರದವರು ಇದು ಭೌತಶಾಸ್ತ್ರ ಅಂದರು. (ಭೌತಶಾಸ್ತ್ರದವರು ಇದು ರಾಗಿ ಅಂದರು.) ಬುಧವಾರ ವಿಶ್ವವಿದ್ಯಾಲಯದ ಸಮಿತಿ ಈ ಫಾರಂ ಒಪ್ಪದಿದ್ದರೆ ಫೆಲೋಶಿಪ್ ನಿಲ್ಲುತ್ತದೆ. ಕೆಲಸ ಅರ್ಧಕ್ಕೇ ಬಿಡಬೇಕು.

"ರೆಫರೆನ್ಸ್ ಎಣಿಸೋಣ," ಅಂದಳು ಅಕ್ಕ. ಅವಳು ಆಧಾರ ಕೊಟ್ಟ ಲೇಖನಗಳಲ್ಲಿ ಯಾವ ಶಾಸ್ತ್ರದ್ದು ಎಷ್ಟಿದೆಯೋ ಅಷ್ಟು ಪರ್ಸೆಂಟ್. ರಸಾಯನ ಐವತ್ತು, ಸಸ್ಯ ಮೂವತ್ತು, ಭೌತ ಇಪ್ಪತ್ತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಸವೆಸಿದ ನಾನು ಬಿಡುತ್ತೇನೆಯೇ?

"ಒಂದು ಸಾಲಿಗೋಸ್ಕರ ನೋಡಿದ್ದಕ್ಕೂ ಹತ್ತು ಸಲ ಓದಿದ್ದಕ್ಕೂ ಒಂದೇ ಲೆಕ್ಕಾನಾ?"

"ಸುಮ್ನೆ ಎಣಿಸೋ."

"ಸರಿ. ನಾಯಂಡಹಳ್ಳಿ ಮುನಿಯಪ್ಪನವರು ಯಾವ ಶಾಸ್ತ್ರ?"

ಅಕ್ಕ ಪೆನ್ನು ಕೆಳಗಿಟ್ಟಳು.

ಅವಳು ನೋಡಿದ ಮೊದಲ ಹಗೇವು ರೈತ ಮುನಿಯಪ್ಪನವರದ್ದು. ಗುಂಡಿಯ ಬಾಯಿ ತೆರೆದ ತಕ್ಷಣ ಇಳಿಯಲು ಹೋದವಳನ್ನು ತಡೆದು, ಹಗ್ಗ ಕಟ್ಟಿದ ಲಾಟೀನು ಇಳಿಬಿಟ್ಟರಂತೆ. ಅದು ಆರಿಹೋಯಿತು. "ರಾಗೀನೂ ಉಸಿರಾಡ್ತದೆ ಕಣವ್ವ. ಒಳಗಿದ್ದ ಗಾಳಿ ಎಲ್ಲಾ ಅದೇ ಕುಡ್ದೈತೆ," ಅಂದರಂತೆ. ಗಾಳಿ ಇಲ್ಲದಿದ್ದರೆ ಹುಳುವೂ ಇಲ್ಲ; ಅಕ್ಕನ ಇಡೀ ಪ್ರಬಂಧ ಹುಟ್ಟಿದ್ದು ಆ ಒಂದು ಮಾತಿನಿಂದ. ಅದು ಯಾವ ಜರ್ನಲ್‌ನಲ್ಲಿದೆ?

ಅಕ್ಕ ಒಂದು ಸಾಲು ಸೇರಿಸಿದಳು: ಮುನಿಯಪ್ಪನವರು, ಶೇಕಡ ಹತ್ತು.

("ಒಟ್ಟು ನೂರಾಹತ್ತು ಆಯ್ತಲ್ಲಕ್ಕ?" ಅಂದೆ. "ಆಗ್ಲಿ ಬಿಡು," ಅಂದಳು.)

ಬುಧವಾರ ನಡೆದದ್ದು ಅಕ್ಕನೇ ಬಂದು ಹೇಳಿದ್ದು. ಸಮಿತಿಯ ಅಧ್ಯಕ್ಷರು ಫಾರಂ ನೋಡಿ, "ಏನಮ್ಮ, ಟೋಟಲ್ ತಪ್ಪಿದೆ. ಹತ್ತು ತೆಗೀರಿ," ಅಂದರು.

"ಯಾರದ್ದು ತೆಗೀಲಿ ಸಾರ್?"

ಸಸ್ಯದ್ದು ತೆಗೆಯಿರಿ ಅಂದರು ರಸಾಯನದವರು. "ಅದ್ಹೇಗ್ರೀ? ಕಾಳು ಉಸಿರಾಡೋದು ನಮ್ಮ ವಿಷಯ," ಅಂದರು ಸಸ್ಯದವರು. "ಶಾಖ, ತೇವ ಬಿಟ್ಟು ನಿಮ್ಮ ಕಾಳು ಏನ್ಮಾಡುತ್ತೆ?" ಅಂದರು ಭೌತದವರು. ಹಾಗಾದರೆ ಈ ಮುನಿಯಪ್ಪನವರದ್ದೇ ತೆಗೆಯೋಣ ಅಂದರು ಅಧ್ಯಕ್ಷರು.

"ಅವರನ್ನ ತೆಗೆದ್ರೆ ನಾನೇ ಇರ್ತಿರ್ಲಿಲ್ಲ ಸಾರ್," ಅಂದಳು ಅಕ್ಕ.

ಲಾಟೀನಿನ ಕಥೆ ಕೇಳಿ ನಾಲ್ವರೂ ಫಾರಂ ಇನ್ನೊಮ್ಮೆ ನೋಡಿದರಂತೆ. ಆಮೇಲೆ ನಕ್ಕರಂತೆ. ಫಾರಂ ಹಾಗೇ ಪಾಸಾಯಿತು. ಅಕ್ಕನಿಗೆ ಇನ್ನೊಂದು ವರ್ಷ, ನಮಗೆಲ್ಲ ಪಾಯಸ.

ಒಂದು ಸಂಶೋಧನೆ ಎಷ್ಟು ಶಾಸ್ತ್ರಗಳದ್ದು ಎಂದು ಅಳೆಯಬೇಕೆ? ಒಂದಿಷ್ಟು ಕಿತ್ತುಹಾಕುತ್ತೇನೆ ಎಂದು ಹೆದರಿಸಿ, ಎಷ್ಟು ಜನ ಜಗಳಕ್ಕೆ ಬರುತ್ತಾರೆ ಎಣಿಸಿಕೊಳ್ಳಿ.