ಅಕ್ಕ ಕಟ್ಟಿದ ಜೋಗುಳ

“ಅಕ್ಕಾರ, ತಪ್ಪು ಹಾಡಾಕತ್ತೀರಿ. ಎರಡನೇ ನುಡಿ ಹಂಗಿಲ್ಲ, ಇಲ್ಲಿ ಕೇಳ್ರಿ,” ಎಂದು ಕೂಸಿನ ಚಿಕ್ಕಮ್ಮ ನನ್ನ ಅಕ್ಕನ ಕಿವಿಗೆ ಮೊಬೈಲ್ ಹಿಡಿದಳು. ರಂಗಂಪೇಟೆಯ ನೆಂಟರ ಮನೆಯಲ್ಲಿ ಅಂದು ಕೂಸಿಗೆ ಹೆಸರಿಡುವ ಕಾರ್ಯ. ತೊಟ್ಟಿಲ ಸುತ್ತ ಕೂತ ಹೆಂಗಸರೆಲ್ಲ ನಕ್ಕರು. ನೀನಾದರೂ ಹೇಳು ಎನ್ನುವಂತೆ ಅಕ್ಕ ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ಚಹಾದ ಕಪ್ ನೋಡುತ್ತ ನಿಂತೆ.

ಆ ಜೋಗುಳ ಕಟ್ಟಿದವಳೇ ಅಕ್ಕ. ನನ್ನ ಮಗಳಿಗೆ ಹೆಸರಿಡುವಾಗ ಸೋದರತ್ತೆಯಾಗಿ ಹಾಡಿದ್ದಳು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಲು ಶಹಾಪುರದ ರೆಕಾರ್ಡಿಂಗ್ ಅಂಗಡಿಯವನಿಗೆ ಕೊಟ್ಟೆ. “ಯಾರದು ಹಾಡು?” ಎಂದು ಕೇಳಿದ. “ಹಳೇದ್ರಿ, ಹುಡುಕಿದಾಂವ ನಾನು,” ಎಂದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೆ ಹಾಡಿನ ಕೆಳಗೆ ನನ್ನ ಹೆಸರು ನೋಡುವ ಆಸೆ! ಆಮೇಲೆ ಅದಕ್ಕೆ ಡೊಳ್ಳು ಸೇರಿತು, ಡಿಜೆ ಸೇರಿತು, ಗುರುಮಠಕಲ್ ಕಡೆಯವರು ತೆಲುಗಿನಲ್ಲೂ ಹಾಡಿದರು. ಕೂಸು ಮಲಗಿಸುವ ಹಾಡಿಗೆ ಮದುವೆ ಮೆರವಣಿಗೆಯಲ್ಲಿ ಕುಣಿಯುತ್ತಾರೆ. ಅಕ್ಕ ಹಾಡಿದಂತೆ ಒಬ್ಬರೂ ಹಾಡಲಿಲ್ಲ. ನನ್ನ ಹೆಸರೂ ಎಲ್ಲೋ ಬಿದ್ದುಹೋಯಿತು.

“ಹಂಗಾದ್ರ ನೀನೇ ಹಾಡವ್ವಾ, ನಾ ಕಲೀತೀನಿ,” ಎಂದು ಅಕ್ಕ ತೊಟ್ಟಿಲ ಹಗ್ಗ ಬಿಟ್ಟಳು.

ಮರುವಾರ ಶಹಾಪುರಕ್ಕೆ ಹೋಗಿ, ಹಾಡು ಕಟ್ಟಿದವಳು ನನ್ನ ಅಕ್ಕ, ಈಗಲಾದರೂ ಅವಳ ಹೆಸರು ಹಾಕು ಎಂದು ಅಂಗಡಿಯವನನ್ನು ಕೇಳಿಕೊಂಡೆ. “ಏಳು ಮಂದಿ ಹಾಡ್ಯಾರ, ಯಾರ ಹಾಡಿನ ಕೆಳಗ ಹಾಕಲೋ ಯಪ್ಪಾ?” ಎಂದು ಕೈ ಮುಗಿದ.

ಅದಕ್ಕೇ ಇಲ್ಲಿ ಬರೆದಿದ್ದೇನೆ. ನಾನು ಸುಳ್ಳು ಹೇಳಿದ್ದು ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಅವಳಿಗೆ ಓದಲು ಬಾರದು. ಇದನ್ನು ನಾನೇ ಓದಿ ಹೇಳಬೇಕು.